ಐದು ದೇಶ ದಾಟುವ ಟಿಕೆಟ್ಟಿನ ಬೆಲೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಸ್ಲೀಪರ್ ಟಿಕೆಟ್ಟನ್ನು ಎರಡು ತಿಂಗಳ ಮೊದಲೇ ತೆಗೆಸಿದರೂ, ಸೀಟು ಉಳಿದಿದ್ದರೆ ಮೂರು ದಿನ ಮುಂಚೆ ತೆಗೆಸಿದರೂ ದರ ಒಂದೇ. ತತ್ಕಾಲ್ ಮತ್ತು ರಾಜಧಾನಿ, ಶತಾಬ್ದಿಗಳ ಫ್ಲೆಕ್ಸಿ ದರ ಬಿಟ್ಟರೆ ನಮ್ಮಲ್ಲಿ ಮುಖ್ಯವಾಗಿ ದೂರ ನೋಡಿ ದರ ಕಟ್ಟುತ್ತಾರೆ. ಅದೇ ರೂಢಿಯಲ್ಲಿ ಯುರೋಪಿನ ದೂರದ ರೈಲುಗಳ ಟಿಕೆಟ್ ಹುಡುಕಲು ಕೂತರೆ ತಲೆ ತಿರುಗುತ್ತದೆ. ಒಂದೇ ರೈಲು, ಒಂದೇ ತರಗತಿ, ಆದರೆ ಬೆಲೆ ಮಾತ್ರ ವಾರದಿಂದ ವಾರಕ್ಕೆ ಬೇರೆ. ಎಷ್ಟು ಮೊದಲು ಕೊಂಡಿರಿ, ಕೊಂಡ ಮೇಲೆ ಮನಸ್ಸು ಬದಲಿಸುವ ಅವಕಾಶ ಇಟ್ಟುಕೊಂಡಿರೋ ಇಲ್ಲವೋ, ಏನಾದರೂ ಎಡವಟ್ಟಾದರೆ ನಷ್ಟ ಯಾರ ತಲೆಗೆ, ಎಲ್ಲವೂ ಸೇರಿ ಅಲ್ಲಿನ ದರವಾಗುತ್ತದೆ. ಇದನ್ನು ಅರ್ಥ ಮಾಡಿಕೊಂಡರೆ ಉಳಿಯುವ ದುಡ್ಡು ಸಣ್ಣದಲ್ಲ.

ತಂಗಿಯ ಮನೆ ಇರುವುದು ಜ್ಯೂರಿಕ್‌ನಲ್ಲಿ. ಚಿಕ್ಕಪ್ಪನ ಮಗಳು ಬುಡಾಪೆಸ್ಟ್‌ನಲ್ಲಿ ಓದುತ್ತಿದ್ದಾಳೆ. ಅಮ್ಮನನ್ನು ಜ್ಯೂರಿಕ್‌ನಿಂದ ಬುಡಾಪೆಸ್ಟ್‌ಗೆ ಕರೆದೊಯ್ಯಬೇಕಿತ್ತು. ವಿಮಾನವಾದರೆ ಹಾರಾಟ ಒಂದೂವರೆ ಗಂಟೆಯದು. ನೇರ ರೈಲು ಹತ್ತೂವರೆ ಗಂಟೆಗೂ ಹೆಚ್ಚು. "ಅಷ್ಟೊತ್ತು ಕೂತ್ರೆ ಕಾಲು ಊದ್ಕೊಳ್ಳಲ್ವೇನೇ?" ಎಂದರು ಅಮ್ಮ. ಆದರೆ ವಿಮಾನದ ಬೆಲೆಗೆ ಎರಡು ದೊಡ್ಡ ಸೂಟ್‌ಕೇಸಿನ ಶುಲ್ಕ, ಎರಡೂ ಕಡೆ ನಿಲ್ದಾಣದ ಓಡಾಟ, ಭದ್ರತಾ ಸರತಿಯಲ್ಲಿ ಅಮ್ಮನ ಮಂಡಿನೋವು ಸೇರಿಸಿದಾಗ ನಾನು ರೈಲಿನ ಕಡೆ ವಾಲಿದೆ. ಅಲ್ಲಿ ಸಾಮಾನನ್ನು ಯಾರೂ ತೂಗುವುದಿಲ್ಲ. ಊರ ನಡುವೆ ಹತ್ತಿ, ಊರ ನಡುವೆಯೇ ಇಳಿಯಬಹುದು. ನಡೆಯಬೇಕೆನಿಸಿದಾಗ ಬೋಗಿಯಲ್ಲೇ ನಾಲ್ಕು ಹೆಜ್ಜೆ ಹಾಕಬಹುದು.

ಈ ರೈಲಿನ ಹೆಸರು ರೈಲ್‌ಜೆಟ್ ಎಕ್ಸ್‌ಪ್ರೆಸ್. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಹಂಗೇರಿ ಮೂರೂ ದೇಶಗಳ ರೈಲ್ವೆಗಳು ಇದಕ್ಕೆ ಟಿಕೆಟ್ ಮಾರುತ್ತವೆ, ಮೂವರ ಬೆಲೆಯೂ ಒಂದೇ ಇರಬೇಕೆಂದಿಲ್ಲ. ಹಾಗಾಗಿ ಮೂರನ್ನೂ ನೋಡಿದೆ. ಪೂರ್ತಿ ದಾರಿಗೆ ಒಂದು ಟಿಕೆಟ್ ತೆಗೆಯುವುದಕ್ಕಿಂತ ವಿಯೆನ್ನಾದವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ತೆಗೆದರೆ ಅಗ್ಗವಾಗುವುದುಂಟು. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಒಂದೇ ರೈಲಿಗೆ ಎರಡು ಟಿಕೆಟ್ ಇದ್ದರೆ ಭಯವಿಲ್ಲ. ರೈಲು ತಡವಾದರೂ ನೀವು ಅದರೊಳಗೇ ಇರುತ್ತೀರಿ. ಎರಡು ಬೇರೆ ರೈಲಿಗೆ ಎರಡು ಬಿಡಿ ಟಿಕೆಟ್ ಇದ್ದು ಮೊದಲ ರೈಲು ತಡವಾಯಿತೋ, ಎರಡನೆಯ ಟಿಕೆಟ್ಟಿನ ದುಡ್ಡು ನಿಮ್ಮ ಕೈಬಿಟ್ಟಂತೆಯೇ. ಇಡೀ ದಾರಿಗೆ ಒಂದೇ ಒಪ್ಪಂದದ ಟಿಕೆಟ್ ಇದ್ದರೆ ಮಾತ್ರ ಮುಂದಿನ ರೈಲಿನಲ್ಲಿ ಕಳಿಸುವ ಹೊಣೆ ರೈಲ್ವೆಯದು.

ಈ ಹೊಣೆಯನ್ನು ಯುರೋಪಿಯನ್ ಒಕ್ಕೂಟ ಕಾನೂನಿನಲ್ಲೇ ಬರೆದಿದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ತಲುಪಬೇಕಾದ ಊರಿಗೆ 60ರಿಂದ 119 ನಿಮಿಷ ತಡವಾದರೆ ಟಿಕೆಟ್ ದರದ ಶೇ 25, ಎರಡು ಗಂಟೆ ಅಥವಾ ಹೆಚ್ಚು ತಡವಾದರೆ ಶೇ 50 ಪರಿಹಾರ ಕೇಳಬಹುದು. ಭಾರಿ ಪ್ರವಾಹದಂಥ ಪ್ರಕೃತಿಯ ಕಾರಣಗಳಿಗೆ ವಿನಾಯಿತಿ ಇದೆ, ಆದರೆ ರೈಲ್ವೆ ಸಿಬ್ಬಂದಿಯ ಮುಷ್ಕರಕ್ಕೆ ಇಲ್ಲ. ರಾತ್ರಿ ಉಳಿಯಲೇಬೇಕಾಗಿ ಬಂದರೆ ವಸತಿಯ ವ್ಯವಸ್ಥೆಯನ್ನೂ ಅವರೇ ನೋಡಬೇಕು. ಅಗ್ಗದ ಟಿಕೆಟ್ ಕೊಂಡವರಿಗೂ ಈ ಹಕ್ಕು ಇದೆ. ನಮ್ಮವರು ಬಹಳ ಮಂದಿ ಕೇಳುವುದೇ ಇಲ್ಲವಲ್ಲ ಎಂಬುದು ನನ್ನ ಸಂಕಟ. ಟಿಕೆಟ್ಟನ್ನು ಮನೆ ತಲುಪುವವರೆಗೂ ಜೋಪಾನವಾಗಿಟ್ಟುಕೊಳ್ಳಿ.

ಇನ್ನು ರದ್ದು ಮಾಡುವ ಲೆಕ್ಕ. ಅಗ್ಗದ ಟಿಕೆಟ್ ಆ ದಿನದ ಆ ರೈಲಿಗಷ್ಟೇ ಸಲ್ಲುತ್ತದೆ, ಸಾಮಾನ್ಯವಾಗಿ ಹಿಂತಿರುಗಿಸುವಂತಿಲ್ಲ. ದುಬಾರಿ ಟಿಕೆಟ್ಟನ್ನು ವಾಪಸು ಕೊಟ್ಟು ಹಣ ಪಡೆಯಬಹುದು. ವಯಸ್ಸಾದವರ ಜೊತೆ ಹೋಗುವಾಗ ದುಬಾರಿಯದೇ ಕ್ಷೇಮ ಎಂದು ಮನಸ್ಸು ಹೇಳುತ್ತದೆ, ನನ್ನದೂ ಹೇಳಿತು. ಕಾಗದ ತೆಗೆದು ಲೆಕ್ಕ ಹಾಕಿದೆ. ಉದಾಹರಣೆಗೆ ಅಗ್ಗದ್ದು 100 ಯೂರೊ, ವಾಪಸಾಗುವುದು 250 ಯೂರೊ ಎಂದುಕೊಳ್ಳೋಣ. ಹತ್ತು ಮಂದಿ ಅಗ್ಗದ್ದು ಕೊಂಡರೆ ಖರ್ಚು 1,000. ಅದೇ ಹತ್ತು ಮಂದಿ ದುಬಾರಿಯದು ಕೊಂಡು ಆರು ಮಂದಿ ಪ್ರಯಾಣವನ್ನೇ ಕೈಬಿಟ್ಟರೆ, ಉಳಿದ ನಾಲ್ವರ ಖರ್ಚೂ 1,000. ಅಂದರೆ ಹತ್ತರಲ್ಲಿ ಆರಕ್ಕಿಂತ ಹೆಚ್ಚು ಸಲ ಪ್ರಯಾಣ ರದ್ದಾಗುವ ಸಂಭವ ಇದ್ದರೆ ಮಾತ್ರ ದುಬಾರಿ ಟಿಕೆಟ್ ಲಾಭ. ಊರಿಗೆ ಮರಳುವ ವಿಮಾನ ಬುಡಾಪೆಸ್ಟ್‌ನಿಂದಲೇ ಇದ್ದುದರಿಂದ ನಮ್ಮ ದಿನಾಂಕ ಗಟ್ಟಿಯಾಗಿತ್ತು. ಅಗ್ಗದ್ದನ್ನೇ ಕೊಂಡೆ. ಉಳಿದ ದುಡ್ಡಿನಲ್ಲಿ ಮೊದಲು ಮಾಡಿದ ಕೆಲಸ ಸೀಟು ಕಾಯ್ದಿರಿಸಿದ್ದು. ಈ ರೈಲಿನಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಕೆಲವೇ ಯೂರೊ ಕೊಟ್ಟು ಕಾಯ್ದಿರಿಸದಿದ್ದರೆ ಜನ ಹೆಚ್ಚಿದ ದಿನ ನಿಂತೇ ಹೋಗಬೇಕಾದೀತು.

ಯೂರೇಲ್ ಪಾಸ್ ಬಗ್ಗೆ ಬಹಳ ಜನ ಕೇಳುತ್ತಾರೆ. 60 ದಾಟಿದವರಿಗೆ ಅದರಲ್ಲಿ ಶೇ 10 ರಿಯಾಯಿತಿಯೂ ಇದೆ. ಇಂಥ ಒಂದೇ ದಿನದ ಪ್ರಯಾಣಕ್ಕೆ ಅದು ಬೇಡ. ದಿನ ಗೊತ್ತುಮಾಡಿಕೊಳ್ಳದೆ, ಹಲವು ದಿನ ದೂರದೂರ ಸುತ್ತುವವರಿಗೆ ಸರಿ. ಪಾಸ್ ಇದ್ದರೂ ಫ್ರಾನ್ಸ್, ಇಟಲಿಯ ವೇಗದ ರೈಲುಗಳಲ್ಲಿ ಸೀಟಿಗೆ ಪ್ರತ್ಯೇಕ ಹಣ ಕೊಡಬೇಕು.

ಜ್ಯೂರಿಕ್ ಬಿಟ್ಟ ಮೇಲೆ ಸರೋವರದ ದಂಡೆ, ಆಮೇಲೆ ಗಡಿಯ ಬುಕ್ಸ್. ಅಲ್ಲಿ ರೈಲು ಬಂದ ದಿಕ್ಕಿಗೇ ತಿರುಗಿ ಹೊರಡುತ್ತದೆ. ಹಿಂದಕ್ಕೆ ಹೊರಟಿತೆಂದು ಅಮ್ಮ ಗಾಬರಿಯಾದರು. ಲಿಕ್ಟೆನ್‌ಸ್ಟೈನ್ ಎಂಬ ದೇಶ ಕಾಲು ಗಂಟೆಯೊಳಗೆ ಮುಗಿಯಿತು. 1884ರಲ್ಲಿ ಸಂಚಾರಕ್ಕೆ ತೆರೆದ ಹತ್ತು ಕಿಲೋಮೀಟರಿಗೂ ಉದ್ದದ ಆರ್ಲ್‌ಬರ್ಗ್ ಸುರಂಗ ದಾಟಿ ಇನ್ಸ್‌ಬ್ರುಕ್. ಮುಂದೆ ಸಾಲ್ಜ್‌ಬರ್ಗ್ ತಲುಪುವ ಮುಂಚೆ ರೈಲು ಜರ್ಮನಿಯ ಮೂಲೆಯೊಂದನ್ನು ಹಾದುಹೋಗುತ್ತದೆ. ಅದಕ್ಕೆ ಬೇರೆ ಟಿಕೆಟ್ ಬೇಡ, ಪಾಸ್‌ಪೋರ್ಟ್ ಮಾತ್ರ ಕೈಗೆ ಸಿಗುವಂತಿರಲಿ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರುಮಾಡಿದೆ. ಐದೂ ದೇಶಗಳಿಗೆ ಷೆಂಗೆನ್ ವೀಸಾ ಒಂದೇ ಸಾಕು. ದೊಡ್ಡವರಿಗೆ 90 ಯೂರೊ, ಕನಿಷ್ಠ 30,000 ಯೂರೊ ರಕ್ಷಣೆಯ ವಿಮೆ ಕಡ್ಡಾಯ. ಹೆಚ್ಚು ದಿನ ಉಳಿಯುವ ದೇಶದ ಮೂಲಕ ಅರ್ಜಿ ಹಾಕಬೇಕು, ನಮಗದು ಸ್ವಿಟ್ಜರ್ಲೆಂಡ್.

ದೇಶ ಐದು, ನಾಣ್ಯ ಮೂರು: ಫ್ರಾಂಕ್, ಯೂರೊ, ಫೋರಿಂಟ್. ದುಡ್ಡು ಸದ್ದಿಲ್ಲದೆ ಸೋರುವುದು ಇಲ್ಲೇ. ನಮ್ಮ ಎಷ್ಟೋ ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಖರ್ಚಿಗೆ ಶೇ 3.5ರವರೆಗೆ ಮಾರ್ಕಪ್, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುತ್ತವೆ. ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ ಹೋಯಿತು. ಮಾರ್ಕಪ್ ಇಲ್ಲದ ಕಾರ್ಡನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಫಾರೆಕ್ಸ್ ಕಾರ್ಡ್ ಇದ್ದರೆ ಅದರಲ್ಲಿ ಫೋರಿಂಟ್ ಇದೆಯೇ ಕೇಳಿ. ಇಲ್ಲದಿದ್ದರೆ ಯೂರೊದಿಂದ ಫೋರಿಂಟ್‌ಗೆ ಬದಲಿಸಲು ಮತ್ತೆ ಶುಲ್ಕ. ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ, ಫೋರಿಂಟ್‌ನಲ್ಲಾ ಎಂದು ಕೇಳಿದರೆ ಫೋರಿಂಟನ್ನೇ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಕಟ್ಟುವವರು ಅಂಗಡಿಯ ಕಡೆಯವರು, ಅದು ನಮಗೆ ಅನುಕೂಲವಾಗಿ ಇರುವುದು ಅಪರೂಪ.

ಊಟಕ್ಕೆ ಚಪಾತಿ, ಚಟ್ನಿಪುಡಿ, ಮೊಸರನ್ನವನ್ನು ತಂಗಿ ಕಟ್ಟಿಕೊಟ್ಟಿದ್ದಳು. ಫ್ರಾಂಕ್ ಒಂದಕ್ಕೆ ನೂರು ರೂಪಾಯಿಗೂ ಮೇಲಿರುವಾಗ ಜ್ಯೂರಿಕ್ ನಿಲ್ದಾಣದಲ್ಲಿ ಇಬ್ಬರಿಗೆ ತಿಂಡಿ ಕೊಳ್ಳುವುದು ಸುಲಭವಲ್ಲ. ಆದರೆ ಮಧ್ಯಾಹ್ನ ಊಟದ ಬೋಗಿಗೆ ಅಮ್ಮನನ್ನು ಕರೆದುಕೊಂಡು ಹೋಗಿ ಕಾಫಿ ಕೊಡಿಸಿದೆ. ಆ ಖರ್ಚಿನ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಉಳಿತಾಯ ಮಾಡುವುದೇ ಇಂಥದಕ್ಕೆ.

ಈಗ ತಂಗಿ ಇದೇ ದಾರಿಗೆ ಟಿಕೆಟ್ ಹುಡುಕುತ್ತಿದ್ದಾಳೆ. ನಡುವೆ ಎರಡು ದಿನ ವಿಯೆನ್ನಾದಲ್ಲಿ ಉಳಿಯುವ ಆಸೆ ಅವಳಿಗೆ. ಹಾಗಿದ್ದರೆ ಎರಡು ಟಿಕೆಟ್ಟನ್ನೇ ತೆಗೆಸು, ಅಗ್ಗದ ಟಿಕೆಟ್ ನಡುವೆ ಇಳಿದು ಇನ್ನೊಂದು ದಿನ ಹತ್ತಲು ಬಿಡುವುದಿಲ್ಲ ಎಂದು ಹೇಳಿದ್ದೇನೆ.