ಕೆಂಪು ಗುಳಿಗೆ

ರತ್ನಮ್ಮ ಐದು ತಿಂಗಳ ಬಸುರಿ. ನರ್ಸಮ್ಮ ಅವಳಿಗೆ ಕಬ್ಬಿಣಾಂಶದ ಕೆಂಪು ಗುಳಿಗೆ ಕೊಟ್ಟಿದ್ದರು. ದಿನಕ್ಕೆ ಒಂದು ನುಂಗಬೇಕು. ಆದರೆ ಗುಳಿಗೆ ಗೋಡೆಯ ಗೂಡಿನಲ್ಲಿ ಹಾಗೇ ಇದ್ದವು.

ಒಂದು ದಿನ ನರ್ಸಮ್ಮ ಮನೆಗೇ ಬಂದರು. ಗುಳಿಗೆ ಎಣಿಸಿದರು.

"ಯಾಕಮ್ಮ, ನಾಲ್ಕೇ ನುಂಗಿದ್ದೀಯಲ್ಲ?"

"ಹೊಟ್ಟೆ ತೊಳೆಸ್ತದೆ ನರ್ಸಮ್ಮ. ಮಲ ಕಪ್ಪಗೆ ಹೋಗ್ತದೆ. ಹೆದರಿ ಬಿಟ್ಟುಬಿಟ್ಟೆ."

ಅತ್ತೆ ಒಳಗಿನಿಂದ ಕೂಗಿದರು. "ಗುಳಿಗೆ ತಿಂದರೆ ಕೂಸು ದಪ್ಪ ಆಗ್ತದಂತೆ. ಹೆರಿಗೆ ಕಷ್ಟ ಆದರೆ ಯಾರು ಹೊಣೆ?"

ಈ ಮಾತು ಎಷ್ಟೋ ಊರುಗಳಲ್ಲಿ ಇದೆ. ಇದು ತಪ್ಪು ಮಾತು.

ನರ್ಸಮ್ಮ ಜಗಲಿಯ ಮೇಲೆ ಕುಳಿತರು. "ಅಜ್ಜಿ, ಗುಳಿಗೆ ಕೂಸನ್ನು ಊದಿಸೋದಿಲ್ಲ. ರಕ್ತ ಹೆಚ್ಚಿಸ್ತದೆ. ಹೆರಿಗೆಯಲ್ಲಿ ರಕ್ತ ಹೋಗ್ತದೆ. ಮೊದಲೇ ರಕ್ತ ಕಡಿಮೆ ಇದ್ದರೆ ತಾಯಿ ಜೀವಕ್ಕೇ ಅಪಾಯ. ಮಲ ಕಪ್ಪಾಗೋದು ಕಬ್ಬಿಣಾಂಶದಿಂದ. ಅದಕ್ಕೆ ಹೆದರಬೇಡಿ."

ರತ್ನಮ್ಮನಿಗೆ ಧೈರ್ಯ ಬಂತು. "ಹಾಗಾದರೆ ಬಿಟ್ಟದ್ದನ್ನೆಲ್ಲ ಸೇರಿಸಿ ಇವತ್ತೇ ಐದಾರು ನುಂಗ್ತೀನಿ!"

"ಅಯ್ಯೋ, ಬೇಡ! ತಪ್ಪಿದ್ದು ತಪ್ಪಿತು. ಇವತ್ತಿನಿಂದ ಮತ್ತೆ ಒಂದೊಂದೇ. ರಕ್ತ ಕಡಿಮೆ ಇದ್ದವರಿಗೆ ಡಾಕ್ಟರು ದಿನಕ್ಕೆ ಎರಡು ಹೇಳಬಹುದು. ನಾವಾಗಿ ಹೆಚ್ಚಿಸಬಾರದು."

ಹೊಟ್ಟೆ ತೊಳೆಸಿದರೆ ರಾತ್ರಿ ಊಟ ಆದ ಮೇಲೆ ನುಂಗಬೇಕು. ಗುಳಿಗೆ ಜೊತೆ ಟೀ, ಕಾಫಿ, ಹಾಲು ಕುಡಿಯಬಾರದು. ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆ ಪಾನಕ ಕುಡಿದರೆ ಚೆನ್ನಾಗಿ ಹತ್ತುತ್ತದೆ. ಸುಣ್ಣದ ಅಂಶದ ಗುಳಿಗೆಯನ್ನೂ, ಅಂದರೆ ಕ್ಯಾಲ್ಸಿಯಂ ಗುಳಿಗೆಯನ್ನೂ ಕೊಟ್ಟಿರುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಬಾರದು. ಎರಡು ಗಂಟೆಯಾದರೂ ಬಿಡುವು ಇರಲಿ. ಮಲ ಗಟ್ಟಿಯಾದರೆ ನೀರು ಹೆಚ್ಚು ಕುಡಿಯಬೇಕು, ಸೊಪ್ಪು ತಿನ್ನಬೇಕು.

ಮೂರು ತಿಂಗಳು ತುಂಬಿದ ಮೇಲೆ ಗುಳಿಗೆ ಶುರು. ಬಸುರಿಯಲ್ಲಿ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ. ಗುಳಿಗೆ ಇದೆ ಅಂತ ಊಟ ಕಡಿಮೆ ಮಾಡಬಾರದು. ರಾಗಿ, ಕಾಳು, ನುಗ್ಗೆಸೊಪ್ಪು ಬೇಕೇ ಬೇಕು.

ಹೀಗೆ ಮಾತಾಡುತ್ತಿದ್ದಾಗ ಒಳಗೆ ಚರಪರ ಸದ್ದು. ರತ್ನಮ್ಮನ ಮೂರು ವರ್ಷದ ಮಗ ಗೂಡಿಗೆ ಕೈ ಹಾಕಿದ್ದ. ಕೈಯಲ್ಲಿ ಗುಳಿಗೆ ಹಾಳೆ! ಕೆಂಪಗೆ ಮಿಠಾಯಿ ಹಾಗೆ ಕಂಡಿತ್ತು. ನರ್ಸಮ್ಮ ಓಡಿ ಕಿತ್ತುಕೊಂಡರು. ಎಣಿಸಿದರು. ಒಂದೂ ಕಡಿಮೆ ಆಗಿರಲಿಲ್ಲ.

"ದೊಡ್ಡವರಿಗೆ ಇದು ಔಷಧ. ಮಗು ಹಿಡಿ ತಿಂದರೆ ವಿಷ. ಪ್ರಾಣವೇ ಹೋಗಬಹುದು. ಮೊದಲು ವಾಂತಿ, ಭೇದಿ ಆಗ್ತದೆ. ಆಮೇಲೆ ಮಗು ಗೆಲುವಾದ ಹಾಗೆ ಕಾಣಬಹುದು. ಅದನ್ನು ನಂಬಬೇಡಿ. ತಿಂದದ್ದು ಗೊತ್ತಾದ ಕೂಡಲೇ ಆಸ್ಪತ್ರೆಗೆ ಓಡಿ. ಉಳಿದ ಗುಳಿಗೆ ಹಾಳೆಯನ್ನೂ ತಗೊಂಡು ಹೋಗಿ, ಡಾಕ್ಟರಿಗೆ ತೋರಿಸಿ."

ಅತ್ತೆ ಮಾತಾಡಲಿಲ್ಲ. ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದರು.

"ರಾತ್ರಿ ಊಟ ಆಗಲಿ ರತ್ನಾ. ನಾನೇ ತೆಗೆದುಕೊಡ್ತೀನಿ. ಒಂದೇ."

ಮಾತಾಡೋಣ: ನಿಮ್ಮ ಮನೆಯಲ್ಲಿ ಗುಳಿಗೆ ಎಲ್ಲಿ ಇಟ್ಟಿದ್ದೀರಿ? ಮಗುವಿನ ಕೈಗೆ ಎಟಕುತ್ತದೆಯೇ?