ದಾಕ್ಷಿಣ್ಯಕ್ಕೆ ಕೊಂಡ ಲೆನ್ಸು

ಅವರ ಮನೆಯ ಕಾಫಿ ಬಹಳ ಚೆನ್ನಾಗಿತ್ತು. ನಾನು ಕೆಟ್ಟದ್ದೇ ಅಲ್ಲಿ.

2014ರ ಮೇ ತಿಂಗಳು. ಜಯನಗರದ ಆ ಮನೆಗೆ ಹಳೇ ಲೆನ್ಸೊಂದನ್ನು ನೋಡಲು ಹೋಗಿದ್ದೆ. ನಿಕಾನ್‌ನ 300 ಎಂಎಂ, ಎಫ್/4. 2000ದಲ್ಲಿ ಬಂದ ಮಾದರಿ. ಕೈ ನಡುಕ ತಡೆಯುವ ವಿಆರ್ ಅದರಲ್ಲಿ ಇಲ್ಲ, ತೂಕವೂ ಹತ್ತಿರಹತ್ತಿರ ಒಂದೂವರೆ ಕೆಜಿ. ಆದರೂ ಹಕ್ಕಿಗಳ ಫೋಟೊ ತೆಗೆಯುವವರ ನಡುವೆ ಅದಕ್ಕೆ ಒಳ್ಳೆಯ ಹೆಸರಿತ್ತು. ಹೊಸದು ಕೊಳ್ಳುವ ಶಕ್ತಿ ನನಗಿರಲಿಲ್ಲ. ಹಳೆಯದು ಮೂವತ್ತನಾಲ್ಕು ಸಾವಿರಕ್ಕೆ ಸಿಗುತ್ತದೆ ಎಂದಾಗ ತೀರ್ಥಹಳ್ಳಿಯಿಂದ ರಾತ್ರಿ ಬಸ್ಸು ಹತ್ತಿದ್ದೆ.

ಮಾರುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು. "ಯಾವೂರಪ್ಪ?" ಅಂದರು. ಹೇಳಿದೆ. "ಅಯ್ಯೋ, ನಮ್ಮ ಅಜ್ಜಿ ಮನೆ ಕೊಪ್ಪ!" ಅಂದರು. ಅಷ್ಟಕ್ಕೇ ನಾವಿಬ್ಬರೂ ಅರ್ಧ ನೆಂಟರಾದೆವು. ಅಮ್ಮನವರು ಕಾಫಿ, ಕೋಡುಬಳೆ ತಂದಿಟ್ಟರು. ಆಲ್ಬಂ ಬಂತು, ರಂಗನತಿಟ್ಟಿನ ಕೊಕ್ಕರೆಗಳು ಬಂದವು, ಅಮೆರಿಕದಲ್ಲಿರುವ ಮಗನ ಸುದ್ದಿ ಬಂತು. ಕೊನೆಗೆ ಲೆನ್ಸು ಬಂತು, ಒಂದು ಚೆಂದದ ಚರ್ಮದ ಚೀಲದಲ್ಲಿ.

ಚೀಲ ತೆರೆದಾಗ ಒಂದು ವಾಸನೆ ಬಂತು. ಮಳೆಗಾಲದಲ್ಲಿ ಟ್ರಂಕು ತೆರೆದರೆ ಬರುವ ಮುಗ್ಗಲು ವಾಸನೆ. ಮಲೆನಾಡಿನಲ್ಲಿ ಹುಟ್ಟಿದವನ ಮೂಗಿಗೆ ಅದನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ನನ್ನ ಮೂಗು ಹೇಳಿತು, ನಾನು ಕೇಳಲಿಲ್ಲ. ಬ್ಯಾಗಿನಲ್ಲಿ ಟಾರ್ಚ್ ಇತ್ತು. ಕೋಡುಬಳೆ ತಿಂದ ಕೈಯಿಂದ ಅದನ್ನು ತೆಗೆದು ಅವರ ಲೆನ್ಸಿನೊಳಗೆ ಬೆಳಕು ಬಿಡುವುದೆಂದರೆ, ಹೆಣ್ಣು ನೋಡಲು ಹೋದವನು ಹುಡುಗಿಯ ಹಲ್ಲು ಎಣಿಸಿದ ಹಾಗೆ ಅನ್ನಿಸಿತು. ಟ್ಯೂಬ್‌ಲೈಟಿಗೆ ಹಿಡಿದು ಒಮ್ಮೆ ನೋಡಿದೆ. ಬಾಲ್ಕನಿಯಿಂದ ಎದುರುಮನೆಯ ತೆಂಗಿನಮರದ್ದು ಮೂರು ಫೋಟೊ ತೆಗೆದೆ. ಅದೂ ಎಫ್/8ರಲ್ಲಿ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಮೂರೂ ಚೆಂದ ಕಂಡವು. ದುಡ್ಡು ಎಣಿಸಿ ಕೊಟ್ಟು, ಇಬ್ಬರಿಗೂ ನಮಸ್ಕಾರ ಮಾಡಿ ಹೊರಟೆ.

ಮಂಡಗದ್ದೆಗೆ ಹೋದದ್ದು ಆಗಸ್ಟಿನಲ್ಲಿ. ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಗೆ ತಾಗಿಕೊಂಡೇ ತುಂಗೆಯ ನಡುವೆ ಇರುವ ಆ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಹಿಂದೆ ಕಡುಹಸಿರು, ಮುಂದೆ ಅಚ್ಚ ಬಿಳಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಒಂದೊಂದು ಬೆಳ್ಳಕ್ಕಿಯ ಸುತ್ತಲೂ ಮಂಜಿನಂಥ ಹೊಳಪು, ದೇವರ ಪಟದ ಪ್ರಭಾವಳಿಯ ಹಾಗೆ. ಹಸಿರು ಹಸಿರಾಗಿರದೆ ಬೂದಿ ಕಲಸಿದಂತಿತ್ತು. ಮೊದಲು ಮಳೆಯನ್ನು ಬೈದೆ. ಆಮೇಲೆ ಫಿಲ್ಟರ್ ಬಿಚ್ಚಿ ತೆಗೆದೆ. ಮೂರನೇ ಸಲವೂ ಪ್ರಭಾವಳಿ ಹೋಗದಿದ್ದಾಗ ಶಿವಮೊಗ್ಗದ ಒಬ್ಬ ರಿಪೇರಿಯವರ ಬಳಿ ಹೋದೆ.

ಅವರು ಮುಂದಿನ, ಹಿಂದಿನ ಮುಚ್ಚಳ ಎರಡನ್ನೂ ತೆಗೆದು, ಅಪರ್ಚರ್ ರಿಂಗನ್ನು ಎಫ್/4ಕ್ಕೆ ತಿರುಗಿಸಿ, ಹಿಂಬದಿಯಿಂದ ಓರೆಯಾಗಿ ಟಾರ್ಚ್ ಹಿಡಿದರು. "ಈ ಕಡೆಯಿಂದ ನೋಡಿ. ನೇರ ಬೇಡ, ಸ್ವಲ್ಪ ವಾರೆ."

ನೋಡಿದೆ. ಒಳಗಿನ ಒಂದು ಗಾಜಿನ ಅಂಚಿನಿಂದ ನಡುವಿನ ಕಡೆಗೆ ಬೆಳ್ಳಗಿನ ಎಳೆಗಳು ಹರಡಿಕೊಂಡಿದ್ದವು. ಒಂದೆಳೆ ಎರಡಾಗಿ, ಎರಡು ನಾಲ್ಕಾಗಿ, ಮಳೆಗಾಲದ ಗೋಡೆಗೆ ಹತ್ತಿದ ಬೇರಿನ ಹಾಗೆ. ನಡುನಡುವೆ ಹತ್ತಿಯ ಚುಕ್ಕೆಗಳು. ನಮ್ಮ ಮನೆಯ ಉಪ್ಪಿನಕಾಯಿ ಜಾಡಿಯ ಮೇಲೆ, ಚಪ್ಪಲಿಯ ಮೇಲೆ, ಗೋಡೆಯ ಮೇಲೆ ಹುಟ್ಟಿದಾರಭ್ಯ ಕಂಡ ಅದೇ ಬೂಷ್ಟು. ಗಾಜಿನೊಳಗೂ ಬರುತ್ತದೆ ಎಂದು ಓದಿದ್ದೆ. ಕಂಡದ್ದು ಅವತ್ತೇ.

"ಟಾರ್ಚ್ ಇರ್ಲಿಲ್ವಾ ಸಾರ್ ನಿಮ್ಮತ್ರ?"

"ಇತ್ತು."

ಅವರು ಮುಂದೆ ಕೇಳಲಿಲ್ಲ. ಬಿಚ್ಚಿ ಒರೆಸಲು ನಾಲ್ಕೂವರೆ ಸಾವಿರ ತೆಗೆದುಕೊಂಡರು. ಎಳೆಗಳು ಹೋದವು, ಅವು ಕೂತ ಜಾಗದಲ್ಲಿ ಕೋಟಿಂಗ್ ತಿಂದುಹೋದ ಗುರುತು ಉಳಿಯಿತು. ಬೂಷ್ಟು ಆಮ್ಲ ಬಿಡುತ್ತದೆ. ಬಹಳ ದಿನ ಬಿಟ್ಟರೆ ಕೋಟಿಂಗನ್ನೂ ಅದರ ಕೆಳಗಿನ ಗಾಜನ್ನೂ ಅದು ಕೊರೆಯುತ್ತದೆ. ಹಾಗೆ ಕೊರೆದದ್ದನ್ನು ಯಾರೂ ಒರೆಸಿ ತೆಗೆಯಲಾರರು.

ಆ ಹಿರಿಯರು ಮೋಸ ಮಾಡಿದರು ಅಂತ ನಾನು ಅವತ್ತೂ ಅಂದುಕೊಳ್ಳಲಿಲ್ಲ. ಬೆಲೆಬಾಳುವ ವಸ್ತು ಎಂದು ಚರ್ಮದ ಚೀಲದಲ್ಲಿ ಹಾಕಿ, ಬೀರುವಿನಲ್ಲಿಟ್ಟು, ವರ್ಷಗಟ್ಟಲೆ ಮುಟ್ಟದೆ ಕಾಪಾಡಿದ್ದರು. ಲೆನ್ಸು ಹಾಳು ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನುವುದು ಪಾಪ ಅವರಿಗೆ ಗೊತ್ತಿರಲಿಲ್ಲ. ಕತ್ತಲೆ, ತೇವ, ಗಾಳಿಯಾಡದ ಜಾಗ, ಜೊತೆಗೆ ತೇವ ಹೀರುವ ಚರ್ಮ. ನನ್ನ ಹೆಂಡತಿ "ಫೋನ್ ಮಾಡಿ ಕೇಳಿ" ಎಂದು ನಾಲ್ಕು ಸಲ ಹೇಳಿದಳು. ನಾನು ಮಾಡಲಿಲ್ಲ. ಕೊಳ್ಳುವಾಗಿನ ದಾಕ್ಷಿಣ್ಯವೇ ಆಮೇಲೂ ಬಾಯಿ ಕಟ್ಟಿತ್ತು.

ಅಲ್ಲಿಂದ ಮುಂದೆ ನಾನು ಉಲ್ಟಾ ಹೊಡೆದೆ. ಕಂಡ ಲೆನ್ಸಿಗೆಲ್ಲ ಟಾರ್ಚ್ ಹಾಕತೊಡಗಿದೆ. ಒಳಗೆ ಒಂದು ದೂಳಿನ ಕಣ ಕಂಡರೂ ಬೇಡ ಎನ್ನುತ್ತಿದ್ದೆ. ಹೀಗೆ ಎರಡು ಒಳ್ಳೆಯ ಲೆನ್ಸುಗಳನ್ನು ಕಳೆದುಕೊಂಡೆ. ಒಂದು ದಿನ ಅಂಗಡಿಯಲ್ಲಿ ಪೆಟ್ಟಿಗೆ ಒಡೆದ ಹೊಚ್ಚ ಹೊಸ ಲೆನ್ಸಿಗೆ ಟಾರ್ಚ್ ಬಿಟ್ಟರೆ ಅದರಲ್ಲೂ ನಕ್ಷತ್ರಗಳ ಹಾಗೆ ಚುಕ್ಕೆಗಳು! ಎಲ್‌ಇಡಿ ಬೆಳಕಿಗೆ ಯಾವ ಗಾಜೂ ಪೂರ್ತಿ ಶುದ್ಧವಲ್ಲ. ಝೂಮ್ ಲೆನ್ಸು ಹಿಗ್ಗಿ ಕುಗ್ಗುವಾಗ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ದೂಳು ಹೋಗುತ್ತದೆ. ಅದರಿಂದ ಫೋಟೊಗೆ ಏನೂ ಆಗುವುದಿಲ್ಲ. ಮುಂದಿನ ಗಾಜಿನ ಸಣ್ಣ ಗೀರೂ ಅಷ್ಟೆ, ಬೆಲೆ ಇಳಿಸಲು ಅನುಕೂಲ. ಹಿಂದಿನ ಗಾಜಿನ ಗೀರು ಹಾಗಲ್ಲ, ಅದು ಫೋಟೊದಲ್ಲಿ ಕಾಣುತ್ತದೆ. ಕವಲೊಡೆಯುವ ಎಳೆ, ಹಾಲು ಸವರಿದಂಥ ಮಸುಕು, ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಹೊಳೆಯುವ ಬಳೆ, ಈ ಮೂರರಲ್ಲಿ ಒಂದು ಕಂಡರೆ ಮಾತ್ರ ಮುಚ್ಚಳ ಹಾಕಿ ವಾಪಸ್ ಕೊಡುವುದು. ಕೊನೆಯದು ಎರಡು ಗಾಜುಗಳನ್ನು ಅಂಟಿಸಿದ ಗೋಂದು ಬಿಡುತ್ತಿರುವ ಗುರುತು.

ಈ ನಡುವೆ ನನ್ನ ಷಡ್ಡಕನದ್ದು ಬೇರೆಯೇ ಕಥೆ. ಅವನು 50 ಎಂಎಂ ಎಫ್/1.8 ಡಿ ಲೆನ್ಸನ್ನು ಟಾರ್ಚ್ ಹಾಕಿ, ಭೂತಗನ್ನಡಿ ಹಿಡಿದು, ಎಲ್ಲಾ ನೋಡಿ ತಂದ. ಮನೆಯಲ್ಲಿ ತನ್ನ ಡಿ5300ಕ್ಕೆ ಹಾಕಿದರೆ ಫೋಕಸ್ಸೇ ಆಗುತ್ತಿಲ್ಲ. ಲೆನ್ಸು ಸತ್ತಿದೆ ಎಂದು ಮಾರಿದವನ ಜೊತೆ ಜಗಳಕ್ಕೂ ನಿಂತ. ಲೆನ್ಸು ಚೆನ್ನಾಗಿಯೇ ಇತ್ತು. ಆ ಡಿ ಮಾದರಿಗೆ ಸ್ವಂತ ಮೋಟರ್ ಇಲ್ಲ, ಅದನ್ನು ತಿರುಗಿಸುವ ಮೋಟರ್ ಕ್ಯಾಮೆರಾದಲ್ಲಿರಬೇಕು. ನನ್ನ ಡಿ7000ದಲ್ಲಿ ಇದೆ, ಅವನದರಲ್ಲಿ ಇಲ್ಲ. ತನ್ನ ಕ್ಯಾಮೆರಾವನ್ನು ಜೊತೆಗೆ ಒಯ್ದಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು.

2017ರಲ್ಲಿ ನಾನು ನಿಕಾನ್‌ನ 200-500 ಎಂಎಂ ಝೂಮ್ ಲೆನ್ಸಿನ ಬೇಟೆಗೆ ಬಿದ್ದೆ. ಈ ಸಲ ಯಾರ ಮನೆಗೂ ಹೋಗಬಾರದು ಎಂದು ತೀರ್ಮಾನಿಸಿದ್ದೆ. ಮಲ್ಲೇಶ್ವರದ ಒಂದು ಪಾರ್ಕು, ಬೆಳಗ್ಗೆ ಎಂಟು ಗಂಟೆ. ಬಿಸಿಲೇರಿದರೆ ದೂರದ ವಸ್ತುಗಳು ಕಾವಿಗೆ ಅಲುಗಾಡಿ, ಇಷ್ಟುದ್ದದ ಲೆನ್ಸಿನಲ್ಲಿ ತಪ್ಪು ಗಾಳಿಯದೋ ಗಾಜಿನದೋ ತಿಳಿಯುವುದಿಲ್ಲ. ನನ್ನ ಚೀಲದಲ್ಲಿ ಕ್ಯಾಮೆರಾ, ಚಾರ್ಜ್ ಮಾಡಿದ ಬ್ಯಾಟರಿ, ಖಾಲಿ ಕಾರ್ಡು, ಟ್ರೈಪಾಡ್, ಟಾರ್ಚ್, ಹಳೇ ಲ್ಯಾಪ್‌ಟಾಪ್ ಮತ್ತು ಐದು ಬೆಂಕಿಪೊಟ್ಟಣ.

ಮಾರಲು ಬಂದವನು ವೈಟ್‌ಫೀಲ್ಡ್ ಕಡೆಯ ಒಬ್ಬ ಐಟಿ ಹುಡುಗ. ಲೆನ್ಸು ಹೊರಗಿನಿಂದ ಹೊಸದರಂತೆ ಇತ್ತು. ಬಿಲ್ಲಿನಲ್ಲಿದ್ದ ನಂಬರೂ ಲೆನ್ಸಿನ ಮೇಲಿನ ನಂಬರೂ ಒಂದೇ. ಹಿಂದಿನ ಲೋಹದ ಬಳೆಯ ಸ್ಕ್ರೂಗಳ ತಲೆ ಸವೆದಿರಲಿಲ್ಲ, ಅಂದರೆ ಯಾರೂ ಬಿಚ್ಚಿಲ್ಲ. ಟಾರ್ಚಿಗೂ ಪಾಸಾಯಿತು. ಇದರಲ್ಲಿ ಅಪರ್ಚರ್ ಅಲಗುಗಳನ್ನು ತೆರೆಯುವ ಲಿವರ್ ಹಿಂದುಗಡೆ ಇಲ್ಲ, ಎಲ್ಲವೂ ಕ್ಯಾಮೆರಾದಿಂದಲೇ ನಡೆಯಬೇಕು. ಹಾಗಾಗಿ ಅಪರ್ಚರ್ ಪ್ರಯಾರಿಟಿಯಲ್ಲಿಟ್ಟು ಎಫ್/5.6, 8, 11, 16ರಲ್ಲಿ ಒಂದೇ ಗೋಡೆಯ ಫೋಟೊ ತೆಗೆದೆ. ನಾಲ್ಕರಲ್ಲೂ ಬೆಳಕು ಒಂದೇ. ಅಲಗುಗಳು ಎಣ್ಣೆ ಹತ್ತಿ ನಿಧಾನವಾಗಿದ್ದರೆ ಎಫ್/16ರದ್ದು ಬೆಳ್ಳಗಾಗುತ್ತಿತ್ತು.

ಆಮೇಲೆ ಬೆಂಚಿನ ಮೇಲೆ ಬೆಂಕಿಪೊಟ್ಟಣಗಳನ್ನು ಓರೆಸಾಲಿನಲ್ಲಿ, ಒಂದರ ಹಿಂದೆ ಒಂದು ನಿಲ್ಲಿಸಿದೆ. ವಾಕಿಂಗ್ ಬಂದ ಇಬ್ಬರು ನಿಂತು ನೋಡಿದರು. ನಾಲ್ಕೈದು ಮೀಟರ್ ದೂರದಿಂದ, ಅಪರ್ಚರ್ ಪೂರ್ತಿ ತೆರೆದು, ನಡುವಿನ ಪೊಟ್ಟಣಕ್ಕೆ ಫೋಕಸ್. ನಡುವಿನದೇ ಚೂಪಾಗಿ ಬಂದರೆ ಸರಿ, ಮುಂದಿನದೋ ಹಿಂದಿನದೋ ಚೂಪಾದರೆ ಲೆನ್ಸಿಗೂ ಕ್ಯಾಮೆರಾಕ್ಕೂ ಹೊಂದಾಣಿಕೆ ತಪ್ಪಿದೆ ಎಂದರ್ಥ. ಸ್ವಲ್ಪ ತಪ್ಪಿದ್ದರೆ ನನ್ನ ಕ್ಯಾಮೆರಾದ ಮೆನುವಿನಲ್ಲೇ ಸರಿಮಾಡಿಕೊಳ್ಳಬಹುದು. ನಡುವಿನದೇ ಬಂತು. ಹುಡುಗ ನಕ್ಕ. ನನಗೂ ಖುಷಿಯಾಯಿತು.

ಕೊನೆಯದಾಗಿ ಎದುರಿನ ಅಪಾರ್ಟ್‌ಮೆಂಟು. ಐದು ಮಹಡಿ, ಸಾಲುಸಾಲು ಕಿಟಕಿ, ಎಲ್ಲಕ್ಕೂ ಒಂದೇ ನಮೂನೆಯ ಗ್ರಿಲ್. ಕಟ್ಟಡಕ್ಕೆ ನೇರ ಎದುರಾಗಿ ಟ್ರೈಪಾಡ್ ಇಟ್ಟು, ವಿಆರ್ ಆಫ್ ಮಾಡಿ, ಎಫ್/5.6ರಲ್ಲೇ ನಾಲ್ಕು ಫೋಟೊ. ಒಳ್ಳೆಯ ಲೆನ್ಸಿನಲ್ಲೂ ಅಂಚು ನಡುವಿನಷ್ಟು ಚೂಪಾಗಿರುವುದಿಲ್ಲ, ಆದರೆ ಎಡಬಲ ಎರಡೂ ಒಂದೇ ತೆರನಾಗಿ ಮೆತ್ತಗಾಗಬೇಕು. ಲ್ಯಾಪ್‌ಟಾಪಿನಲ್ಲಿ ಪೂರ್ತಿ ಹಿಗ್ಗಿಸಿದೆ. ಎಡಗಡೆ ಗ್ರಿಲ್ಲಿನ ತುಕ್ಕು ಕೂಡ ಎಣಿಸಬಹುದು. ಬಲಗಡೆ ಅದೇ ಗ್ರಿಲ್ಲು ನೀರಿನಲ್ಲಿ ನೆನೆದ ಕಾಗದದ ಹಾಗೆ. ನಾನು ನಿಂತದ್ದೇ ಓರೆಯಾಗಿತ್ತೇನೋ ಎಂದು ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೆ ತೆಗೆದೆ. ಮಸುಕು ಈ ಸಲ ಎಡಗಡೆಯ ಕಿಟಕಿಗಳಿಗೆ ಬಂತು. ಕಟ್ಟಡದ್ದಲ್ಲ, ಲೆನ್ಸಿನದೇ ದೋಷ. ಒಳಗಿನ ಯಾವುದೋ ಗಾಜು ತನ್ನ ನೆಲೆಯಿಂದ ಕೂದಲೆಳೆಯಷ್ಟು ಸರಿದಿದೆ. ಟಾರ್ಚಿಗೆ ಅದು ಕಾಣುವುದಿಲ್ಲ.

ಇನ್ನು ಹೇಳಬೇಕು. ಬೇಡ ಅಂತ. ಗಂಟಲಲ್ಲಿ ಅದೇ ಹಳೇ ಕೋಡುಬಳೆ ಸಿಕ್ಕಿಕೊಂಡಿತು. ಹುಡುಗ ಅಷ್ಟು ದೂರದಿಂದ ಬಂದಿದ್ದಾನೆ, ಒಂದೂವರೆ ಗಂಟೆ ನಗುನಗುತ್ತಾ ಬೆಂಕಿಪೊಟ್ಟಣ ಜೋಡಿಸಿಕೊಟ್ಟಿದ್ದಾನೆ. ಮಾತು ಸಿಗದೆ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದೆ. ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಸಿ ಸರಿಸಿ ನೋಡಿದ.

"ಎರಡು ವರ್ಷದಿಂದ ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ ಸಾರ್," ಅಂದ. "ಅದಕ್ಕೇ ಮಾರ್ತಿದೀನಿ."

ಅವನು ಮಾರಲಿಲ್ಲ, ಸರ್ವಿಸ್ ಸೆಂಟರಿಗೆ ಒಯ್ದ. ಪಾರ್ಕಿನ ಹೊರಗಿನ ದರ್ಶಿನಿಯಲ್ಲಿ ಇಡ್ಲಿ ತಿಂದೆವು, ಬಿಲ್ಲು ನಾನು ಕೊಟ್ಟೆ. ಎರಡು ತಿಂಗಳಾದ ಮೇಲೆ ಮೈಸೂರಿನಲ್ಲಿ ಇನ್ನೊಂದು 200-500 ಸಿಕ್ಕಿತು. ಅದರ ಝೂಮ್ ರಿಂಗಿನ ರಬ್ಬರ್ ಸಡಿಲವಾಗಿತ್ತು, ಮೈಮೇಲೆ ಗೀರುಗಳಿದ್ದವು, ಗ್ರಿಲ್ಲುಗಳು ಮಾತ್ರ ಎರಡೂ ಕಡೆ ಒಂದೇ ಸಮ. ಅದೇ ಈಗ ನನ್ನ ಬಳಿ ಇರುವುದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ತೇವ ತೋರಿಸುವ ಪುಟ್ಟ ಮೀಟರಿಟ್ಟು ಕಾಯುತ್ತೇನೆ. ಮುಳ್ಳು ಶೇಕಡಾ ನಲವತ್ತೈವತ್ತರ ನಡುವೆ ಇರಬೇಕು. ಅಜ್ಜಿ ಅಡಿಕೆ, ಬಿತ್ತನೆ ಬೀಜಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಮಳೆಗಾಲ ದಾಟಿಸುತ್ತಿದ್ದಳು. ಹೊಗೆ ಒಂದಿಲ್ಲದಿದ್ದರೆ ಲೆನ್ಸಿಗೂ ಅದೇ ಸರಿಯಾದ ಜಾಗ.

ಹಳೇ 300ನ್ನು ಕಳೆದ ಮಾಗಿಯಲ್ಲಿ ಮಾರಿದೆ. ಹೊಸನಗರದ ಕಡೆಯ ಹುಡುಗನೊಬ್ಬ, ಕಾಲೇಜು ಮುಗಿಸಿದವನು, ಬೈಕಿನಲ್ಲಿ ಬಂದಿದ್ದ. ಕೋಟಿಂಗ್ ಹೋದ ಜಾಗವಿದೆ ಎಂದು ಫೋನಿನಲ್ಲೇ ಹೇಳಿದ್ದೆ, ಬೆಲೆಯನ್ನೂ ಹದಿನೆಂಟು ಸಾವಿರಕ್ಕೆ ಇಳಿಸಿದ್ದೆ. ಅವನು ಲೆನ್ಸನ್ನು ಕೈಯಲ್ಲಿ ಹಿಡಿದು ಹೊರಗಿಂದ ನೋಡಿ "ಚೆನ್ನಾಗಿದೆ ಸಾರ್" ಎಂದು ಜೇಬಿಗೆ ಕೈ ಹಾಕಿದ. ಒಳಗಿನಿಂದ ಕಾಫಿಯ ಘಮ ಬರುತ್ತಿತ್ತು. ನಾನು ಎದ್ದು ಹೋಗಿ ಟಾರ್ಚ್ ತಂದು ಅವನ ಕೈಗೆ ಕೊಟ್ಟೆ. "ಹಿಂದಿನಿಂದ ಬಿಡು. ಸ್ವಲ್ಪ ವಾರೆ."

ಅವನು ಬಹಳ ಹೊತ್ತು ನೋಡಿದ. ನಾನು ಹೇಳಿದ ಜಾಗವನ್ನು ಕಂಡ, ತಲೆಯಾಡಿಸಿದ. ಮತ್ತೆ ತಿರುಗಿಸಿದ, ಮತ್ತೆ ನೋಡಿದ.

"ಸಾರ್, ಹಿಂದಿನ ಗಾಜಿನ ಹತ್ರ ಇನ್ನೊಂದು ಎಳೆ ಇದೆಯಲ್ಲ?"

ಕನ್ನಡಕ ಹಾಕಿಕೊಂಡು ನೋಡಿದೆ. ಇತ್ತು. ಅಕ್ಕಿಕಾಳಿನಷ್ಟುದ್ದ, ತುದಿಯಲ್ಲಿ ಎರಡು ಕವಲು. ಮೂರು ಮಳೆಗಾಲದಿಂದ ನಾನು ಅದನ್ನು ತೆರೆದೇ ನೋಡಿರಲಿಲ್ಲ. ಹದಿನಾರಕ್ಕೆ ಮಾತಾಯಿತು. ಕಾಫಿ ತರಲೋ ಬೇಡವೋ ಎಂದು ಒಳಗಿನಿಂದ ಹೆಂಡತಿ ಎರಡನೇ ಸಲ ಕೂಗಿ ಕೇಳಿದಳು.