ಹದಿನಾರು ಸಾವಿರದ ಉಳಿತಾಯ

ತಿಂಗಳಿಗೆ 16,000 ರೂಪಾಯಿ ಉಳಿಸಲು 54,000 ರೂಪಾಯಿ ಕೈಗೆ ಬರುವ ಕೆಲಸ ಬಿಡುವುದು ಯಾವ ಅಕೌಂಟ್ಸ್ ವಿಭಾಗದಲ್ಲೂ ಪಾಸಾಗುವ ಲೆಕ್ಕವಲ್ಲ. 2019ರ ಜೂನ್‌ನಲ್ಲಿ ಅದನ್ನು ಪಾಸು ಮಾಡಿದವಳು ಅಕೌಂಟ್ಸ್ ವಿಭಾಗದವಳೇ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಖಾಸಗಿ ಕಾರ್ಖಾನೆಯೊಂದರಲ್ಲಿ 22 ವರ್ಷ ಬೇರೆಯವರ ವೋಚರುಗಳಲ್ಲಿ ತಪ್ಪು ಹುಡುಕಿದ್ದ, ಈ ಅಂಕಣಕಾರನ ಅಕ್ಕ. ಆಗ ಅವಳಿಗೆ 51 ವರ್ಷ. ಭಾವನಿಗೆ ಪಾರ್ಕಿನ್ಸನ್ ಎಂದು ಗೊತ್ತಾಗಿ ಐದು ವರ್ಷ ಕಳೆದಿತ್ತು. ಏಜೆನ್ಸಿಯವರು ಹಗಲು ಹೊತ್ತು ನೋಡಿಕೊಳ್ಳುವ ಹುಡುಗನಿಗೆ 16,000 ಕೇಳಿದ್ದರು. "ಯಾರೋ ಹುಡುಗನ ಕೈಗೆ ಇವರನ್ನ ಕೊಟ್ಟು, ಮೇಲೆ ಹದಿನಾರು ಸಾವಿರ ದಂಡ ಬೇರೆ. ನಾನೇ ಇರ್ತೀನಿ ಬಿಡೋ" ಎಂದವಳು ಆ ತಿಂಗಳ ಕೊನೆಗೆ ರಾಜೀನಾಮೆ ಬರೆದುಕೊಟ್ಟಳು.

ಮನೆಯ ಪರಿಸ್ಥಿತಿ ಸುಲಭದ್ದೇನೂ ಆಗಿರಲಿಲ್ಲ. ಭಾವ ಡ್ರಾಫ್ಟ್ಸ್‌ಮನ್ ಆಗಿದ್ದವರು. ಟ್ರೇಸಿಂಗ್ ಪೇಪರಿನ ಮೇಲೆ ಕೂದಲೆಳೆಯಂಥ ಗೆರೆ ಎಳೆದ ಕೈ ಅವರದು. ಅದು ನಡುಗತೊಡಗಿದಾಗ 56ಕ್ಕೇ ಕೆಲಸ ಬಿಟ್ಟು ಮನೆ ಸೇರಿದ್ದರು. ನಡುಕಕ್ಕಿಂತ ಹೆಚ್ಚು ಕಾಡಿದ್ದು ನಡಿಗೆ. ಬಚ್ಚಲ ಹೊಸ್ತಿಲ ಬಳಿ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಅಕ್ಕ ರೆಡ್ ಆಕ್ಸೈಡ್ ನೆಲದ ಮೇಲೆ ಹಳದಿ ಇನ್ಸುಲೇಶನ್ ಟೇಪಿನ ಪಟ್ಟಿಗಳನ್ನು ಅಡ್ಡಡ್ಡ ಅಂಟಿಸಿದ್ದಳು. ಪಟ್ಟಿ ದಾಟಬೇಕು ಎಂದು ಕಣ್ಣಿಗೆ ಕಂಡರೆ ಕಾಲು ಏಳುತ್ತದೆ. ನೆಲ ಒರೆಸುವವಳು ಬಂದುಹೋದ ಮೇಲೆ ಟೇಪಿನ ತುದಿ ಮೇಲೆದ್ದಿರುತ್ತಿತ್ತು, ಅದೇ ತೊಡರಿ ಬೀಳುವ ಭಯ. ಹಾಗಾಗಿ ದಿನಾ ಹೊಸ ಟೇಪು.

ಇದರ ಜೊತೆಗೆ ಮಾತ್ರೆಯ ಗಡಿಯಾರ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6. ಲೆವೊಡೋಪಾ ಎಂಬ ಈ ಮಾತ್ರೆಗೂ ಪ್ರೋಟೀನಿಗೂ ಆಗಿಬರುವುದಿಲ್ಲ. ಊಟಕ್ಕೆ ಅರ್ಧ ಗಂಟೆಯಾದರೂ ಮುಂಚೆ ಮಾತ್ರೆ ಇಳಿದಿರಬೇಕು, ಬೇಳೆ-ಮೊಸರಿನ ಜೊತೆ ನುಂಗಿದರೆ ಸರಿಯಾಗಿ ಹತ್ತುವುದಿಲ್ಲ. ಅರ್ಧ ಗಂಟೆ ತಪ್ಪಿದರೂ ಭಾವ 'ಆಫ್', ಅಂದರೆ ಕೂತ ಕುರ್ಚಿಯಿಂದ ಏಳಲಾರರು. ಈ ಮಾತ್ರೆ 1960ರ ದಶಕದ್ದು, ಇವತ್ತಿಗೂ ಇದನ್ನು ಮೀರಿಸಿದ್ದು ಬಂದಿಲ್ಲ. ಅಗತ್ಯ ಔಷಧಗಳ ಪಟ್ಟಿಯಲ್ಲಿ ಇರುವುದರಿಂದ ಬೆಲೆಗೂ ಮಿತಿ ಇದೆ. ಈ ಕಾಯಿಲೆಯಲ್ಲಿ ದುಬಾರಿಯಾಗುವುದು ಮಾತ್ರೆಯಲ್ಲ, ಅದನ್ನು ಹೊತ್ತಿಗೆ ಸರಿಯಾಗಿ ಕೊಡುವ ಕೈ.

ಆ ಕೈಗೆ ಅಕ್ಕ ಎಷ್ಟು ತೆತ್ತಳು? ಇದನ್ನು ಕೂಡಿಸಿಯೇ ನೋಡಬೇಕು. ನಿವೃತ್ತಿ 58ಕ್ಕೆ, ಅಂದರೆ ಏಳು ವರ್ಷ ಬಾಕಿ, 84 ತಿಂಗಳು. ಇನ್‌ಕ್ರಿಮೆಂಟ್ ಒಂದು ರೂಪಾಯಿಯೂ ಬರಲಿಲ್ಲ ಎಂದುಕೊಂಡರೂ ಸಂಬಳ 54,000 ಗುಣಿಸು 84, ಒಟ್ಟು 45,36,000. ಬೇಸಿಕ್ 30,000, ಅವಳ ಪಿಎಫ್ 3,600, ಕಂಪನಿಯ ಪಾಲಿನಲ್ಲಿ ಪಿಂಚಣಿ ಯೋಜನೆ ಇಪಿಎಸ್‌ಗೆ 1,250 ಹೋಗಿ ಉಳಿದ 2,350. ತಿಂಗಳಿಗೆ 5,950ರಂತೆ ಬಡ್ಡಿ ಬಿಟ್ಟು 4,99,800. ಗ್ರಾಚ್ಯುಟಿ, 30,000ದ 26ರಲ್ಲಿ 15 ಭಾಗ, ಏಳು ವರ್ಷಕ್ಕೆ 1,21,154. ಎಲ್ಲ ಸೇರಿ 51,56,954. ಇದರಿಂದ ಹುಡುಗನ ಸಂಬಳ ಕಳೆಯಿರಿ. ಏಜೆನ್ಸಿಯವರು ವರ್ಷ ವರ್ಷ ಏರಿಸುತ್ತಾರೆ, ಹಬ್ಬಕ್ಕೆ ಬಟ್ಟೆ ಕೊಡಬೇಕು, ಅವನು ಊರಿಗೆ ಹೋದಾಗ ಬದಲಿಯವನಿಗೆ ಹೆಚ್ಚು ತೆರಬೇಕು. ಸರಾಸರಿ 19,000 ಹಿಡಿದರೆ 15,96,000. ಉಳಿದದ್ದು 35,60,954.

ಮೂವತ್ತೈದೂವರೆ ಲಕ್ಷ. ಅದೂ ಕೈ ಬಿಗಿ ಹಿಡಿದು ಹಾಕಿದ ಲೆಕ್ಕ.

ಸಂಬಳದ ಮೇಲೆ ತೆರಿಗೆ ಕಳೆಯಲಿಲ್ಲವಲ್ಲ ಎನ್ನುವ ಓದುಗರು ಇದ್ದೇ ಇರುತ್ತಾರೆ. ಅಲ್ಲಿಯೂ ಕಳೆದುಕೊಂಡದ್ದೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ವಿಧಗಳಲ್ಲಿ ಪಾರ್ಕಿನ್ಸನ್ ಒಂದು. ಶೇ 40ರ ಪ್ರಮಾಣಪತ್ರ ಇದ್ದರೆ, 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಯಲ್ಲಿ ಅವಲಂಬಿತ ಗಂಡನಿಗಾಗಿ 75,000 ಇಡಿಯಾಗಿ ಸಿಗುತ್ತಿತ್ತು, ಬಿಲ್ಲು ಬೇಕಿರಲಿಲ್ಲ. ಚಿಕಿತ್ಸೆಯ ಖರ್ಚಿಗೆ 80ಡಿಡಿಬಿಯಲ್ಲಿ 40,000, ರೋಗಿಗೆ 60 ತುಂಬಿದ ಮೇಲೆ 1 ಲಕ್ಷದವರೆಗೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಅವಳ ಸಂಬಳಕ್ಕೆ ಇಷ್ಟು ಸಾಕಿತ್ತು, ತೆರಿಗೆ ಸೊನ್ನೆ. ಅಕ್ಕ ಆ ಪ್ರಮಾಣಪತ್ರ ಮಾಡಿಸಿದ್ದು ಕೆಲಸ ಬಿಟ್ಟ ಮೇಲೆ. ಆದಾಯವೇ ಇಲ್ಲದವಳಿಗೆ ವಿನಾಯಿತಿ ಯಾತಕ್ಕೆ?

ಆದರೆ ಅಂಕಣಕಾರನ ತಕರಾರು ಸಂಬಳದ್ದಲ್ಲ. ರಾಜೀನಾಮೆಯ ಜೊತೆಗೆ ಸದ್ದಿಲ್ಲದೆ ಹೋದದ್ದು ಕಂಪನಿಯ ಗ್ರೂಪ್ ಮೆಡಿಕ್ಲೇಮ್. ಗಂಡ-ಹೆಂಡತಿಗೆ 5 ಲಕ್ಷ, ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದ. ಸಂಬಳದ ಚೀಟಿಯಲ್ಲಿ ಅದಕ್ಕೊಂದು ಸಾಲೂ ಇರಲಿಲ್ಲ, ಹಾಗಾಗಿ ಅಡುಗೆಮನೆಯಲ್ಲಿ ಕೂತು ಮಾಡಿದ ಲೆಕ್ಕಕ್ಕೂ ಅದು ಬರಲಿಲ್ಲ. ಕೆಲಸ ಬಿಟ್ಟ ಮೂರೇ ತಿಂಗಳಿಗೆ, 2019ರ ಸೆಪ್ಟೆಂಬರಿನಲ್ಲಿ, ವಿಮಾ ನಿಯಂತ್ರಕ ಐಆರ್‌ಡಿಎಐ ಹೊರಡಿಸಿದ ಮಾರ್ಗಸೂಚಿಯಲ್ಲಿ ಎರಡು ಪಟ್ಟಿಗಳಿದ್ದವು. ಒಂದರ ಪ್ರಕಾರ ವಿಮಾ ಕಂಪನಿಗಳು ಡೀಪ್ ಬ್ರೇನ್ ಸ್ಟಿಮ್ಯುಲೇಶನ್ ಸೇರಿ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ. ಇನ್ನೊಂದು, ಹೊಸದಾಗಿ ಪಾಲಿಸಿ ಮಾಡಿಸಲು ಬರುವವರಲ್ಲಿ ಮೊದಲೇ ಇದ್ದರೆ ಶಾಶ್ವತವಾಗಿ ಹೊರಗಿಡಬಹುದಾಗಿದ್ದ ಕಾಯಿಲೆಗಳ ಪಟ್ಟಿ. ಅದರಲ್ಲಿ ಪಾರ್ಕಿನ್ಸನ್ ಹೆಸರಿತ್ತು. ಒಳಗಿದ್ದವರಿಗೆ ಬಾಗಿಲು ತೆರೆಯಿತು, ಹೊರಗೆ ಬಂದವರಿಗೆ ಮುಚ್ಚಿತು. ಅಕ್ಕ ಆಗಷ್ಟೇ ಹೊರಗೆ ಬಂದಿದ್ದಳು.

ಗ್ರೂಪ್ ಪಾಲಿಸಿ ಬಿಡುವವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಮೈಗ್ರೇಶನ್ ಕೇಳುವ ಅವಕಾಶ ಆಗಲೂ ಇತ್ತು. ಕೇಳಿದವರಿಗೆಲ್ಲ ಕೊಡುತ್ತಾರೆಂದಲ್ಲ, ಅವರೂ ಕಾಗದಪತ್ರ ನೋಡಿಯೇ ಒಪ್ಪುವುದು. ಆದರೆ ಕೇಳಬೇಕಾದ್ದು ಎಚ್‌ಆರ್‌ ಕೈಲಿ ರಿಲೀವಿಂಗ್ ಲೆಟರ್ ತೆಗೆದುಕೊಳ್ಳುವುದಕ್ಕೆ ಮುಂಚೆ. ಅಲ್ಲಿ ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

2022ರಲ್ಲಿ ಭಾವನಿಗೆ ಅದೇ ಡೀಪ್ ಬ್ರೇನ್ ಸ್ಟಿಮ್ಯುಲೇಶನ್ (ಡಿಬಿಎಸ್) ಆಯಿತು. ಮಾತ್ರೆಯ ಪರಿಣಾಮ ಎರಡು ಗಂಟೆಗೇ ಇಳಿದುಹೋಗುತ್ತಿತ್ತು, ಬುದ್ಧಿ ಮಾತ್ರ ಚುರುಕಾಗಿತ್ತು. ಇಂಥವರಿಗೇ ಈ ಆಪರೇಶನ್ ಹೊಂದುವುದು ಎಂದರು ಡಾಕ್ಟರು. ಬಿಲ್ಲು ಸುಮಾರು 12 ಲಕ್ಷ. ಅರ್ಧ ಎಫ್‌ಡಿ ಮುರಿದು, ಅರ್ಧ ಒಡವೆ ಅಡವಿಟ್ಟು. ಹಳೆಯ ಪಾಲಿಸಿ ಇದ್ದಿದ್ದರೆ, ಇಂಥ ಚಿಕಿತ್ಸೆಗೆ ವಿಮೆಯ ಅರ್ಧ ಮಾತ್ರ ಎಂದಿದ್ದರೂ, ಎರಡೂವರೆ ಲಕ್ಷ ಬರುತ್ತಿತ್ತು. ಒಡವೆಯಲ್ಲಿ ಬಳೆಗಳಾದರೂ ಮನೆಯಲ್ಲಿ ಉಳಿಯುತ್ತಿದ್ದವು.

ಒಡವೆ ಯಾಕೆ, ಪಿಎಫ್ ಹಣ ಬಂದಿತ್ತಲ್ಲ ಎಂದು ಕೇಳಬಹುದು. ಬಂದಿತ್ತು. ಬಂದ ವಾರವೇ ಬ್ಯಾಂಕಿನ ರಿಲೇಶನ್‌ಶಿಪ್ ಮ್ಯಾನೇಜರ್ ಕೂಡ ಬಂದಿದ್ದ. ಟೈ ಕಟ್ಟಿಕೊಂಡ ಹುಡುಗ, 'ಆಂಟಿ' ಎನ್ನುತ್ತ ಕಾಫಿ ಕುಡಿದು, ಗ್ಯಾರಂಟಿ ಇನ್‌ಕಮ್ ಪ್ಲಾನ್ ಒಂದನ್ನು ತಗುಲಿಸಿ ಹೋದ. ವರ್ಷಕ್ಕೆ 3 ಲಕ್ಷದಂತೆ ಐದು ವರ್ಷ ಕಟ್ಟುವುದು, ಏಳನೆಯ ವರ್ಷದಿಂದ ಆದಾಯ. ಸಂಬಳ ನಿಂತ ಮನೆಗೆ, ದಿನೇ ದಿನೇ ಖರ್ಚು ಏರುವ ಕಾಯಿಲೆಯವರ ಮನೆಗೆ, ಏಳನೆಯ ವರ್ಷದಿಂದ ಆದಾಯ! ಮೂರು ಕಂತು ಕಟ್ಟಿದ ಮೇಲೆ ಆಸ್ಪತ್ರೆಗೆ ಹಣ ಬೇಕೆಂದು ಸರೆಂಡರ್ ವಿಚಾರಿಸಿದರೆ, ಕಟ್ಟಿದ 9 ಲಕ್ಷಕ್ಕೆ ಶೇ 35, ಅಂದರೆ 3,15,000 ಎಂದರು. ಆಗಿನ ನಿಯಮದ ಪ್ರಕಾರ ಅದು ಸರಿಯೇ, ಬಾಂಡಿನಲ್ಲೂ ಅಚ್ಚಾಗಿದೆ. ಅದೇ ಸಿಟ್ಟು ಬರಿಸುವುದು. ಗ್ಯಾರಂಟಿ ಎಂಬ ಮಾತನ್ನು ಸೋಫಾದ ಮೇಲೆ ಜೋರಾಗಿ ಹೇಳುತ್ತಾರೆ, 35 ಎಂಬ ಅಂಕಿಯನ್ನು ಒಳಪುಟದಲ್ಲಿ ಇಡುತ್ತಾರೆ. ಆ ಹುಡುಗ ಈಗ ಬೇರೆ ಬ್ಯಾಂಕಿನಲ್ಲಿದ್ದಾನೆ. ಅವನ ಪ್ಲಾನು ಎಷ್ಟು ರಿಟರ್ನ್ ಕೊಡುತ್ತದೆ ಎಂದು ಇಲ್ಲಿ ಲೆಕ್ಕ ಹಾಕುವುದಿಲ್ಲ. ರಿಟರ್ನ್ ಎಷ್ಟೇ ಇರಲಿ, ಬೇಕಾದ ದಿನ ಸಿಗದ ದುಡ್ಡು ರೋಗಿಯಿರುವ ಮನೆಗೆ ದುಡ್ಡೇ ಅಲ್ಲ.

ಇನ್ನೊಂದು ಸಂಗತಿಯನ್ನು ಅಕ್ಕ ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಆಪರೇಶನ್ನಿಗೆ ಮುಂಚೆ ಭಾವ ರಾತ್ರಿ ನಿದ್ದೆ ಬರುವುದಿಲ್ಲವೆಂದು ಮೊಬೈಲ್ ಹಿಡಿದು ಕೂರುತ್ತಿದ್ದರು. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ತಿಳಿದದ್ದು ಆಪ್ಷನ್ ಟ್ರೇಡಿಂಗ್. ಇಡೀ ಬದುಕಿನಲ್ಲಿ ಲಾಟರಿ ಟಿಕೆಟ್ ಕೊಳ್ಳದ ಮನುಷ್ಯ ಒಂದು ಲಕ್ಷ ಎಂಬತ್ತು ಸಾವಿರ ಕಳೆದಿದ್ದರು. ಅಕ್ಕ ಜಗಳವಾಡಿದಳು, ಅತ್ತಳು, ಕೊನೆಗೆ ನ್ಯೂರಾಲಜಿಸ್ಟ್ ಮುಂದೆ ಬಾಯಿಬಿಟ್ಟಳು. ಅವರು ಪ್ರಿಸ್ಕ್ರಿಪ್ಶನ್ ತಿರುವಿ ನೋಡಿ ಪ್ರಾಮಿಪೆಕ್ಸಾಲ್ ಮೇಲೆ ಬೆರಳಿಟ್ಟರು. ಆ ಗುಂಪಿನ ಮಾತ್ರೆಗಳು ಕೆಲವರಲ್ಲಿ ಜೂಜು, ಖರೀದಿಯ ಹುಚ್ಚು ಎಬ್ಬಿಸುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಡೋಸ್ ಹಂತ ಹಂತವಾಗಿ ಇಳಿಸಿದ ಮೇಲೆ ಭಾವ ಆ ಆ್ಯಪನ್ನು ತಾವೇ ತೆಗೆದುಹಾಕಿದರು. ಎಫ್ ಆ್ಯಂಡ್ ಓ (ಫ್ಯೂಚರ್ಸ್-ಆಪ್ಷನ್ಸ್) ಆಡಿದ ಜನಸಾಮಾನ್ಯರಲ್ಲಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ 100ಕ್ಕೆ 93 ಮಂದಿ ಸೋತಿದ್ದಾರೆಂದು ಸೆಬಿಯೇ ಲೆಕ್ಕ ಕೊಟ್ಟಿದೆ. ಅವರ ಕೈಯಲ್ಲಿ ಮಾತ್ರೆಯ ನೆಪವೂ ಇರಲಿಲ್ಲ. ಈ ಔಷಧ ಶುರುಮಾಡಿದ ಮನೆಯವರು ಖಾತೆಯ ಎಸ್‌ಎಂಎಸ್ ಅನ್ನು ಇಬ್ಬರ ಫೋನಿಗೂ ಬರುವಂತೆ ಮಾಡಿಕೊಳ್ಳಲಿ. ಅನುಮಾನದ ಮಾತಲ್ಲ ಇದು, ಸಕ್ಕರೆ ಕಾಯಿಲೆಯವರು ಶುಗರ್ ನೋಡಿಕೊಳ್ಳುತ್ತಾರಲ್ಲ, ಹಾಗೆ.

ಸಹಿಯ ವಿಷಯವನ್ನೂ ಹೇಳಬೇಕು. ಈ ಕಾಯಿಲೆಯಲ್ಲಿ ಅಕ್ಷರ ಸಾಲಿನ ಕೊನೆಗೆ ಬರುವ ಹೊತ್ತಿಗೆ ಸಾಸಿವೆಯಷ್ಟಾಗುತ್ತದೆ. ಭಾವನ ಚೆಕ್ಕುಗಳು ಸಹಿ ಹೊಂದುತ್ತಿಲ್ಲವೆಂದು ವಾಪಸಾಗತೊಡಗಿದಾಗಲೇ ಮನೆಯವರು ಎಚ್ಚೆತ್ತದ್ದು. ನಮ್ಮಲ್ಲಿ ಗಂಡನ ಖಾತೆಗೆ ಹೆಂಡತಿಯ ಹೆಸರು ಸೇರಿಸುವುದನ್ನು ಅಪಶಕುನದ ಹಾಗೆ ನೋಡುವವರು ಇನ್ನೂ ಇದ್ದಾರೆ. ನಾಮಿನೇಶನ್ ಕಾಲಂ ಖಾಲಿ, ಲಾಕರ್ ಒಬ್ಬರ ಹೆಸರಿಗೆ, ಪಾಲಿಸಿ ಬಾಂಡು ಯಾವ ಟ್ರಂಕಿನಲ್ಲಿದೆಯೋ ದೇವರಿಗೇ ಗೊತ್ತು. ಕೈ ಸ್ಥಿಮಿತದಲ್ಲಿ ಇರುವಾಗಲೇ ಖಾತೆಗಳು 'ಐದರ್ ಆರ್ ಸರ್ವೈವರ್' ಆಗಬೇಕು, ವಿಲ್ ಬರೆದಾಗಬೇಕು. ಸಹಿ ಪೂರ್ತಿ ಹೋದರೂ ಬ್ಯಾಂಕಿನಲ್ಲಿ ಹೆಬ್ಬೆಟ್ಟಿಗೆ ದಾರಿ ಇದೆ; ಇಬ್ಬರು ಸಾಕ್ಷಿ, ಒಬ್ಬರು ಬ್ಯಾಂಕಿನ ಅಧಿಕಾರಿ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮಾಡಿಸಿದ್ದೇವೆ, ಸಾಕು ಎಂದು ಕೂರುವವರು 1872ರ ಕರಾರು ಕಾಯ್ದೆಯ 201ನೆಯ ಸೆಕ್ಷನ್ ಓದಿಕೊಳ್ಳಲಿ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ದಿನ ಅದರ ಕಥೆ ಮುಗಿಯಿತು. ಪಾರ್ಕಿನ್ಸನ್ ಮುಂದುವರಿದವರಲ್ಲಿ ಮರೆವಿನ ಕಾಯಿಲೆ ಸೇರಿಕೊಳ್ಳುವುದು ಅಪರೂಪವೇನಲ್ಲ.

ಮೂವತ್ತೈದೂವರೆ ಲಕ್ಷದ ಲೆಕ್ಕವನ್ನು ಅಂಕಣಕಾರ ಒಂದು ದಿನ ಅಕ್ಕನ ಮುಂದೆ ಇಟ್ಟ. ಅವಳು ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಟಿಕ್ ಮಾಡಿದಳು. "ಕೂಡಿದ್ದು ಸರಿಯಾಗಿದೆ. ಆದ್ರೆ ಆ ಹುಡುಗ ರಾತ್ರಿ ಇರ್ತಿರಲಿಲ್ಲ ಕಣೋ. ರಾತ್ರಿ ನಾಲ್ಕು ಸಲ ಮಗ್ಗುಲು ತಿರುಗಿಸಿ, ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದ್ರೆ ನನ್ನ ಬ್ಯಾಲೆನ್ಸ್ ಶೀಟ್ ಯಾರು ನೋಡ್ತಿದ್ರು?" ಅದಕ್ಕೆ ಉತ್ತರವಿಲ್ಲ. ಆದರೂ ತಕರಾರು ಪೂರ್ತಿ ಬಿದ್ದುಹೋಗುವುದಿಲ್ಲ. ಈ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ನಡೆಯುವಂಥದು. 2019ರಲ್ಲಿ ಭಾವನಿಗೆ ಬೇಕಿದ್ದದ್ದು ಬೆಳಗಿನ ಸ್ನಾನ, ಉಡುಗೆ, ಹೊತ್ತಿಗೆ ಮಾತ್ರೆ. ದಿನಕ್ಕೆ ಮೂರು-ನಾಲ್ಕು ಗಂಟೆಯ ಆಸರೆ. ಇಡೀ ಉದ್ಯೋಗವನ್ನು ಆಗಲೇ ಖರ್ಚು ಮಾಡಿದ್ದರಿಂದ, ಇಡೀ ದಿನ ಬೇಕಾದ ವರ್ಷಗಳು ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಸಂಬಳವಿಲ್ಲದ ರಜೆ ಇತ್ತು, ಅರ್ಧ ದಿನದ ಕೆಲಸ ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿದ್ದರೋ ಇಲ್ಲವೋ, 22 ವರ್ಷದ ನೌಕರಳಿಗೆ ಕೇಳುವ ಹಕ್ಕಂತೂ ಇತ್ತು.

ಈಗಿನ ಏರ್ಪಾಟು ಹೀಗಿದೆ. 2023ರಲ್ಲಿ ಸೈಟು ಮಾರಿ ಒಡವೆ ಬಿಡಿಸಿ, 15 ಲಕ್ಷವನ್ನು ಭಾವನ ಹೆಸರಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ ಅಕ್ಕನನ್ನು ಜಂಟಿ ಮಾಡಲಾಯಿತು. ಶೇ 8.2ರಂತೆ ಮೂರು ತಿಂಗಳಿಗೆ 30,750 ಬರುತ್ತದೆ. ಬೆಳಿಗ್ಗೆ ನಾಲ್ಕು ಗಂಟೆ ಒಬ್ಬ ಹುಡುಗ ಬರುತ್ತಾನೆ, 9,000. ಆ ನಾಲ್ಕು ಗಂಟೆಯಲ್ಲಿ ಅಕ್ಕ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಎರಡು ಅಂಗಡಿಗಳ ಟ್ಯಾಲಿ, ಜಿಎಸ್‌ಟಿ ರಿಟರ್ನ್ ಮಾಡುತ್ತಾಳೆ, 14,000.

ಮುಂದಿನ ಖರ್ಚು ಭಾವನ ಎದೆಯ ಚರ್ಮದಡಿ ಇರುವ ಡಿಬಿಎಸ್ ಬ್ಯಾಟರಿ. ರೀಚಾರ್ಜ್ ಆಗದ ಬಗೆ ಮೂರರಿಂದ ಐದು ವರ್ಷ ಬರುತ್ತದೆ, ಅದರ ಅವಧಿ ಹತ್ತಿರ ಬಂದಿದೆ. ರೀಚಾರ್ಜ್ ಆಗುವುದು ಹದಿನೈದು ವರ್ಷದ ಆಸುಪಾಸು ಬಾಳುತ್ತದೆ, ಬೆಲೆಯೂ ಹೆಚ್ಚು. ಜೊತೆಗೆ ಆಗಾಗ ಚಾರ್ಜರ್ ಎದೆಗೆ ಹಿಡಿದು ಕೂರಬೇಕು, ಆ ಕೆಲಸ ಬೀಳುವುದು ಅಕ್ಕನಿಗೇ. ಎರಡಕ್ಕೂ ಕೊಟೇಶನ್ ತರಿಸಿದ್ದಾಳೆ. ಈ ಸಲ ಎಕ್ಸೆಲ್ ಶೀಟಿನಲ್ಲಿ ತನ್ನ ಹೊತ್ತಿಗೂ ಒಂದು ಕಾಲಂ ಹಾಕಿ, ಗಂಟೆಗೆ 120 ರೂಪಾಯಿಯಂತೆ ತುಂಬಿಸಿದ್ದಾಳೆ. ತೀರಾ ಕಡಿಮೆಯಾಯಿತು ಎನ್ನುವುದು ಭಾವನ ಆಕ್ಷೇಪ.